ಹಿಮದ ಮನೆಯೊಳಗೆ ಬೆಚ್ಚಗೆ



ನಮ್ಮ ಮನೆಯ ಚಿಕ್ಕವನೊಬ್ಬ ಪುಸ್ತಕದಲ್ಲಿ ಇಗ್ಲೂ ಚಿತ್ರ ನೋಡಿ, 'ಮಂಜುಗಡ್ಡೆ ಮನೇಲಿ ಮಲಗಿದ್ರೆ ನೆಗಡಿ ಆಗೋದಿಲ್ವಾ ಅಜ್ಜ?' ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ.

ಇಗ್ಲೂ ಕಟ್ಟುವವರು ಕೆನಡಾದ ಉತ್ತರದ ಇನ್ಯೂಟ್ ಜನ. ನಮ್ಮ ಕಾಲದ ಪಾಠಗಳಲ್ಲಿ ಅವರಿಗೆ ಎಸ್ಕಿಮೋ ಎಂಬ ಹೆಸರಿತ್ತು. ಅವರಲ್ಲಿ ಹಲವರಿಗೆ ಅದು ಹಿಡಿಸದು. ಇಂದು ಅವರೂ ನಮ್ಮಂತೆ ಸಾಮಾನ್ಯ ಮನೆಗಳಲ್ಲಿ ಇರುತ್ತಾರೆ. ಹಿಮದ ಗುಮ್ಮಟ ಬೇಟೆಗೆ, ದೂರ ಪ್ರಯಾಣಕ್ಕೆ ಹೋದಾಗಿನ ರಾತ್ರಿಗಳಿಗೆ ಮಾತ್ರ.

ಅದನ್ನು ಕಟ್ಟುವುದು ಮಂಜುಗಡ್ಡೆಯಿಂದಲ್ಲ, ಗಾಳಿ ಬಡಿದು ಗಟ್ಟಿಯಾದ ಹಿಮದಿಂದ. ಅರಳೆ ವ್ಯಾಪಾರ ಮಾಡಿದವರಿಗೆ ಇದರ ಗುಟ್ಟು ಬೇಗ ತಿಳಿದೀತು. ಹೊಸ ಗಾದಿ ಬೆಚ್ಚಗಿರುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗಾದಿ ಅಮುಕಿ ಹಲಗೆಯಂತಾದಾಗ ಪಿಂಜಾರರನ್ನು ಕರೆಸುವುದು ಆ ಗಾಳಿಯನ್ನು ಮರಳಿ ತುಂಬಿಸಲಿಕ್ಕೇ ಅಲ್ಲವೆ? ಹಿಮದ ಹರಳುಗಳ ನಡುವೆಯೂ ಹೀಗೆಯೇ ಗಾಳಿ ಇರುತ್ತದೆ.

ಕಟ್ಟುವವನು ಉದ್ದನೆಯ ಚೂರಿಯಿಂದ ಹಿಮದ ಇಟ್ಟಿಗೆ ಕೊಯ್ದು ವರ್ತುಲವಾಗಿ ಇಡುತ್ತಾನೆ. ಮೊದಲ ಸುತ್ತನ್ನು ಓರೆಯಾಗಿ ಕತ್ತರಿಸುತ್ತಾನೆ; ಆ ಇಳಿಜಾರಿನ ಮೇಲೆ ಸಾಲು ಶಂಖದ ಸುತ್ತಿನಂತೆ ಏರುತ್ತ, ಒಳಕ್ಕೆ ಬಾಗುತ್ತ ಹೋಗುತ್ತದೆ. ಪ್ರತಿ ಇಟ್ಟಿಗೆಗೂ ಪಕ್ಕದ ಇಟ್ಟಿಗೆಯೇ ಆಸರೆ. ಕಂಬ ಬೇಡ, ತೊಲೆ ಬೇಡ. ಅವನು ಒಳಗೇ ನಿಂತು ಕಟ್ಟುತ್ತಾನೆ. ನೆತ್ತಿಯ ಇಟ್ಟಿಗೆ ಕೂರಿಸಿದ ಮೇಲೆ ಬುಡದಲ್ಲಿ ಬಾಗಿಲು ಕೊರೆದು ಹೊರಬರುತ್ತಾನೆ. (ನಮ್ಮ ಚಿಕ್ಕವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.)

ಬಾಗಿಲು ತಗ್ಗಿನಲ್ಲಿ, ಮಲಗುವ ಕಟ್ಟೆ ಎತ್ತರದಲ್ಲಿ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗಿಳಿಯುತ್ತದೆ, ಮೈಯ ಶಾಖ ಮೇಲೆ ಉಳಿಯುತ್ತದೆ. ಎಣ್ಣೆಕಾಳು ಬೆಳೆಯದ ಆ ನಾಡಿನಲ್ಲಿ ದೀಪಕ್ಕೆ ಸೀಲ್ ಎಂಬ ಕಡಲ ಪ್ರಾಣಿಯ ಕೊಬ್ಬು. ಬರೆಯುವಾಗ ನಮಗೂ ಕಸಿವಿಸಿಯಾಯಿತು. ಆ ದೀಪದ ಕಾವಿಗೆ ಒಳಮೈ ತುಸು ಕರಗಿ ಮತ್ತೆ ಹೆಪ್ಪುಗಟ್ಟಿ, ಗಾರೆ ಮಾಡಿದಂತೆ ಬಿಗಿಯಾಗುತ್ತದೆ. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಒಳಗೆ ಸೊನ್ನೆಯ ಆಸುಪಾಸು ಇರಬಲ್ಲದು. ನಮಗೆ ಅದೂ ನಡುಕವೇ. ಆದರೆ ಅಲ್ಲಿ ಜೀವ ಉಳಿಯುವುದು ಈ ಅಂತರದಲ್ಲಿಯೇ.

ಇಷ್ಟು ಬಿಗಿಯಾದ ಮನೆಗೂ ನೆತ್ತಿಯಲ್ಲೊಂದು ತೂತು ಬಿಡುತ್ತಾರೆ. ಅದು ಮುಚ್ಚಿದರೆ ಉಸಿರಾಟದಿಂದ ಗಾಳಿ ಕೆಡುತ್ತದೆ, ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೂ ಆಗದು.

ನಮ್ಮ ಮನೆತನಗಳ ಹುಡುಗರು ಈಗ ಚಳಿಗಾಲದಲ್ಲಿ ಹಿಮಾಲಯಕ್ಕೆ ಚಾರಣ ಹೊರಡುತ್ತಾರೆ. ಅವರಿಗೆ ಸ್ವೆಟರ್ ಕಟ್ಟಿಕೊಡುವ ತಾಯಂದಿರು ಈ ಮಾತನ್ನೂ ಕಟ್ಟಿಕೊಡಲಿ: ಮುಚ್ಚಿದ ಡೇರೆಯೊಳಗೆ ಸ್ಟೋವ್ ಹಚ್ಚಬಾರದು. ಹಿಮದ ಗೂಡಿನಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಗಾಳಿಯ ತೂತು ಹೊಸ ಹಿಮದಿಂದ ಮುಚ್ಚಿತೇ ಎಂದು ಆಗಾಗ ಕೋಲಾಡಿಸಿ ನೋಡಬೇಕು. ತಲೆ ಸಿಡಿದು ವಾಕರಿಕೆ ಬಂದರೆ ಬರಿಯ ದಣಿವೆಂದು ಮಲಗದೆ ಎಲ್ಲರೂ ಹೊರಗೆ ಬರಬೇಕು. ಯಾತ್ರೆಯಲ್ಲಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಮಲಗುವ ಹಿರಿಯರಿಗೂ ಇದನ್ನು ಓದಿ ಹೇಳಿರಿ.