ಕಾಫಿಯ ಕಣದಿಂದ ನಿರ್ವಹಣಾ ಶಾಲೆಗೆ

ಕೊಡಗಿನ ಮನೆಗಳಲ್ಲಿ ಮಕ್ಕಳ ಭವಿಷ್ಯದ ಮಾತು ಬಂದಾಗ ತಲೆಮಾರುಗಳಿಂದ ಎರಡು ದಾರಿಗಳು ಎದುರಿಗೆ ಕಾಣುತ್ತ ಬಂದಿವೆ: ಒಂದು ಸೈನ್ಯ, ಇನ್ನೊಂದು ಕಾಫಿಯ ತೋಟ. 1949ರಲ್ಲಿ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, 1957ರಲ್ಲಿ ಆ ಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರೂ ಈ ನೆಲದವರೇ. ಈಗ ಈ ಎರಡು ದಾರಿಗಳಿಂದಲೇ ಮೂರನೆಯದೊಂದು ಕವಲೊಡೆದಿದೆ. ಕೆಲವು ವರ್ಷ ತೋಟವನ್ನು ನೋಡಿಕೊಂಡವರು, ಸೇನೆಯಲ್ಲಿ ಅಲ್ಪಾವಧಿ ಸೇವೆ ಮುಗಿಸಿದವರು, ನಿರ್ವಹಣಾಶಾಸ್ತ್ರವನ್ನು ಕಲಿಸುವ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವುದುಂಟು.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಭಾರತೀಯ ನಿರ್ವಹಣಾ ಸಂಸ್ಥೆಯಂತಹ ವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ 'ಕ್ಯಾಟ್' ಪರೀಕ್ಷೆಯನ್ನು ಬರೆಯಲು ಇಂಥದೇ ವಿಷಯದ ಪದವಿ ಬೇಕೆಂಬ ನಿಯಮವಿಲ್ಲ. ಆದರೂ ಅಲ್ಲಿನ ತರಗತಿಗಳಲ್ಲಿ ಇಂಜಿನಿಯರುಗಳೇ ಬಹುಸಂಖ್ಯಾತರು. ಇದನ್ನು ಕಂಡು ತೋಟದಿಂದ ಬಂದ ಅಭ್ಯರ್ಥಿಯು ಅಳುಕುತ್ತಾನೆ. ತಾನು ಕಳೆದ ವರ್ಷಗಳನ್ನು ಅರ್ಜಿಯ ಒಂದು ಮೂಲೆಯಲ್ಲಿ ಸಂಕೋಚದಿಂದ ಬರೆದು ಮುಗಿಸುತ್ತಾನೆ. ಈ ಸಂಕೋಚಕ್ಕೆ ಆಧಾರವಿಲ್ಲ.

ಕಾಫಿಯ ಕೆಲಸವನ್ನೇ ನೋಡಬಹುದು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬರಬೇಕು. ಹೂವರಳಿದ ಕೆಲವು ವಾರಗಳಲ್ಲಿ ಮತ್ತೊಂದು ಮಳೆ ಬೀಳಬೇಕು. ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರುಗಳಿಂದ ಹಾಯಿಸಬೇಕು. ಇನ್ನೆರಡು ದಿನ ಮೋಡಕ್ಕಾಗಿ ಕಾಯುವುದೋ, ಇಂದೇ ಪಂಪಿಗೆ ಡೀಸೆಲ್ ತರಿಸುವುದೋ? ಕಾದರೆ ಫಸಲು ಹೋದೀತು. ಆತುರಪಟ್ಟರೆ ಹಣ ಹೋದೀತು. ಕೊಯ್ಲಿನ ಕಾಲದಲ್ಲಿ ಆಳುಗಳು ಸಿಗುವುದಿಲ್ಲ. ಕಣದಲ್ಲಿ ಹಣ್ಣು ಒಣಗುತ್ತಿರುವಾಗಲೇ ಅಕಾಲದ ಮಳೆ ಬರುತ್ತದೆ. 1940ರ ದಶಕದಿಂದ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸುತ್ತಿದ್ದರು. ಮಾರಾಟದ ಚಿಂತೆ ಮಂಡಳಿಯದಾಗಿತ್ತು. ಆ ಪದ್ಧತಿಯು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಎಂಬ ನಿರ್ಧಾರ ಬೆಳೆಗಾರನದೇ. ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದರೆ ವಿರಾಜಪೇಟೆಯ ಧಾರಣೆ ಏರುತ್ತದೆ. ಅನಿಶ್ಚಿತತೆಯ ನಡುವೆ ನಿರ್ಧಾರ ಕೈಗೊಳ್ಳುವುದು ನಿರ್ವಹಣಾಶಾಸ್ತ್ರದ ಮುಖ್ಯ ಪಾಠವಾಗಿದ್ದರೆ, ಇವನು ಅದರ ಪೂರ್ವಾಭ್ಯಾಸವನ್ನು ಮಾಡಿಯೇ ಬಂದಿರುತ್ತಾನೆ.

ಆದರೆ ಅನುಭವವಿದ್ದ ಮಾತ್ರಕ್ಕೆ ಆಯಿತೆನ್ನುವಂತಿಲ್ಲ. 'ಐದು ವರ್ಷ ತೋಟ ನೋಡಿಕೊಂಡಿದ್ದೇನೆ' ಎಂಬ ವಾಕ್ಯದಿಂದ ಪರೀಕ್ಷಕರಿಗೆ ಏನೂ ತಿಳಿಯದು. ಮಳೆ ಕೈಕೊಟ್ಟ ವರ್ಷದಲ್ಲಿ ಎಷ್ಟು ಎಕರೆಗೆ ನೀರು ಹಾಯಿಸಲಾಯಿತು, ಎಷ್ಟು ಖರ್ಚಾಯಿತು, ಎಷ್ಟು ಫಸಲು ಉಳಿಯಿತು, ಯಾವ ಲೆಕ್ಕ ತಪ್ಪಿತು ಎಂಬುದನ್ನು ಹೇಳಿದರೆ ಆಗ ಅಭ್ಯರ್ಥಿಯ ಬುದ್ಧಿ ಕಾಣುತ್ತದೆ. ತಂದೆ ಮಾಡಿದ ನಿರ್ಧಾರ ಯಾವುದು, ತಾನು ಮಾಡಿದ್ದು ಯಾವುದು ಎಂಬುದನ್ನು ಪ್ರಾಮಾಣಿಕವಾಗಿ ಬೇರ್ಪಡಿಸಬೇಕು. ಇದು ಅನೇಕರಿಗೆ ಕಷ್ಟವಾಗುವ ಕೆಲಸ. ಸೈನಿಕನಿಗೂ ಇದೇ ಮಾತು ಸಲ್ಲುತ್ತದೆ: ಪಾಲಿಸಿದ ಆಜ್ಞೆಗಳಿಗಿಂತ, ಆಜ್ಞೆ ಬರುವ ಮುನ್ನ ಅವನು ತಾನಾಗಿ ಮಾಡಿದ್ದೇನು ಎಂಬುದು ಮುಖ್ಯ. ಇನ್ನು ಗಣಿತವಂತೂ ಯಾರನ್ನೂ ಬಿಡದು. ಪರೀಕ್ಷೆಯ ಮೂರು ಭಾಗಗಳಲ್ಲಿ ಒಂದು ಅದಕ್ಕೇ ಮೀಸಲು. ಕಾಲೇಜು ಬಿಟ್ಟು ಏಳೆಂಟು ವರ್ಷಗಳಾದವರು ಹೈಸ್ಕೂಲಿನ ಲೆಕ್ಕಗಳಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ.

ಬೆಂಗಳೂರಿನ ಸಂಸ್ಥೆಯಲ್ಲಿ ಎರಡು ವರ್ಷಗಳ ಶುಲ್ಕವೇ 20 ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಸಣ್ಣ ಬೆಳೆಗಾರರ ಮನೆಗೆ ಇದು ತೋಟದ ಮೇಲಿನ ಸಾಲವಾದೀತು. ಆದ್ದರಿಂದ 'ಓದಿ ಏನು ಮಾಡುವೆ?' ಎಂಬ ಪ್ರಶ್ನೆಯನ್ನು ಸಂದರ್ಶಕರು ಕೇಳುವ ಮೊದಲೇ ಮನೆಯವರು ಕೇಳುವುದು ನ್ಯಾಯ. ತೋಟದಿಂದ ತಪ್ಪಿಸಿಕೊಳ್ಳುವುದಷ್ಟೇ ಗುರಿಯಾದರೆ ಅದಕ್ಕೆ ಇಷ್ಟು ದುಬಾರಿ ದಾರಿ ಬೇಕಿಲ್ಲ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರು ಬಂದೊಡನೆ ಬೆಲೆ ಬರುವುದಿಲ್ಲ. ಹಣ್ಣನ್ನು ಬಿಡಿಸಿ, ಸಂಸ್ಕರಿಸಿ, ದರ್ಜೆ ಮಾಡಿ, ಹುರಿದು, ಕೊಳ್ಳುವವರನ್ನು ಹುಡುಕುವವರೆಗೆ ಹತ್ತಾರು ಮೆಟ್ಟಿಲುಗಳಿವೆ. ಒಣಗಿಸಿದ ಹಣ್ಣನ್ನು ಕಣದಿಂದಲೇ ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟುಬಿಡುವ ಬೆಳೆಗಾರನ ಪಾಲು ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿ ಸೋರಿಹೋಗುತ್ತದೆ ಎಂಬುದನ್ನು ತನ್ನ ತೋಟದ ಲೆಕ್ಕದಿಂದ ಹೇಳಬಲ್ಲವನು ಅರ್ಜಿಯಲ್ಲಿ ಅದನ್ನೇ ಮೊದಲ ವಾಕ್ಯವಾಗಿ ಬರೆಯಲಿ.