ಎಳೆಯರ ಶಾಲೆಯಲ್ಲಿ ಆಪ್ತಸಮಾಲೋಚಕರ ಕೆಲಸ

ಪ್ರಾಥಮಿಕ ಶಾಲೆಗೂ ಆಪ್ತಸಮಾಲೋಚಕರು ಬೇಕೆಂಬ ಮಾತಿಗೆ ಈಗ ಬಹಿರಂಗ ವಿರೋಧ ಕಾಣುವುದಿಲ್ಲ. ಆದರೆ ಅವರು ಅಲ್ಲಿ ಮಾಡಬೇಕಾದ ಕೆಲಸವೇನು ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಹೈಸ್ಕೂಲಿನಿಂದ ಎರವಲು ತಂದವು. ಇದಕ್ಕೆ ಚಾರಿತ್ರಿಕ ಕಾರಣವಿದೆ. ಈ ವೃತ್ತಿ ಮೊದಲಾದದ್ದೇ ಉದ್ಯೋಗ ಮಾರ್ಗದರ್ಶನವಾಗಿ: 1908ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ತೆರೆದ ಕೇಂದ್ರವು ಯುವಕರು ತಮ್ಮ ಒಲವು, ಸಾಮರ್ಥ್ಯಗಳಿಗೆ ಒಪ್ಪುವ ಕಸುಬನ್ನು ಆರಿಸಿಕೊಳ್ಳಲು ನೆರವಾಗುತ್ತಿತ್ತು. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಆ ದೇಶದ ಕಾಯ್ದೆಯೊಂದು ಪ್ರೌಢಶಾಲೆಗಳ ಸಮಾಲೋಚನೆಗೆ ಹಣ ಒದಗಿಸಿದ್ದು ಪ್ರತಿಭಾವಂತರನ್ನು ಗುರುತಿಸಿ ವಿಜ್ಞಾನದತ್ತ ಕಳಿಸಲೆಂದು; ಪ್ರಾಥಮಿಕ ಶಾಲೆಗಳಿಗೆ ಆ ನೆರವು ವಿಸ್ತರಿಸಿದ್ದು 1964ರ ತಿದ್ದುಪಡಿಯಿಂದ. ಭಾರತದಲ್ಲಿ ಸಿಬಿಎಸ್‌ಇ 1998ರಲ್ಲಿ ಆರಂಭಿಸಿದ ದೂರವಾಣಿ ಸಮಾಲೋಚನೆಯೂ ಬೋರ್ಡ್ ಪರೀಕ್ಷೆಯ ಹೊತ್ತಿನದೇ. ಹೀಗಾಗಿ ಕೋಣೆಯೊಂದರಲ್ಲಿ ಎದುರುಬದುರು ಕುಳಿತು, ತೊಂದರೆಯನ್ನು ಮಾತಿನಲ್ಲಿ ಬಿಡಿಸಿಕೊಂಡು, ಒಂದು ನಿರ್ಧಾರಕ್ಕೆ ಬರುವುದೇ ಸಮಾಲೋಚನೆ ಎಂಬ ಕಲ್ಪನೆ ಬೇರೂರಿದೆ. ಆರೇಳು ವರ್ಷದ ಮಗುವಿಗೆ ಈ ಮೂರೂ ಒಗ್ಗುವುದಿಲ್ಲ.

ಆ ವಯಸ್ಸಿನ ಮಗು ತನ್ನ ಸಂಕಟಕ್ಕೆ ಹೆಸರಿಡಲಾರದು. ಸೋಮವಾರ ಬೆಳಿಗ್ಗೆ ಸಮವಸ್ತ್ರ ತೊಡಿಸುವಾಗ ಹೊಟ್ಟೆನೋವು ಬರುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರುಕಳಿಸುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯ ಗೇಟು ದಾಟಿದೊಡನೆ ತುಟಿ ಬಿಚ್ಚುವುದಿಲ್ಲ. ಕೊನೆಯದನ್ನು ಮನೋವಿಜ್ಞಾನ ಆಯ್ದ ಮೌನ ಎನ್ನುತ್ತದೆ. ಹಟದಂತೆ ಕಾಣುವ ಇದು, ನಿರ್ದಿಷ್ಟ ಸನ್ನಿವೇಶದಲ್ಲಿ ಮಾತನ್ನೇ ಕಟ್ಟಿಹಾಕುವ ಆತಂಕ. ಇಂಥ ಮಕ್ಕಳನ್ನು ಆಟದ ಮೂಲಕವೇ ತಲುಪುವ ಕ್ರಮಕ್ಕೆ ಆಟದ ಚಿಕಿತ್ಸೆ ಎಂದು ಹೆಸರು. 1947ರಲ್ಲಿ ಇದನ್ನು ಕುರಿತು ಗ್ರಂಥ ಬರೆದ ವರ್ಜೀನಿಯಾ ಆಕ್ಸ್‌ಲೈನ್ ಪ್ರಕಾರ ಆಟವನ್ನು ಮಗು ನಡೆಸಬೇಕು, ದೊಡ್ಡವರು ಹಿಂದೆ ಹೋಗಬೇಕು. ಗೊಂಬೆಮನೆಯ ಅಪ್ಪನನ್ನು ಮಗು ಪ್ರತಿ ಸಲವೂ ಮಂಚದ ಕೆಳಗೆ ತುರುಕಿದರೆ, ಏಕೆಂದು ಕೇಳದೆ, ‘ಅಪ್ಪ ಮಂಚದ ಕೆಳಗಿದ್ದಾನೆ’ ಎಂದಷ್ಟೇ ಹೇಳಿ ಕಾಯುವುದು ಈ ಕ್ರಮದ ಶಿಸ್ತು. ಅವಸರದ ಅರ್ಥಗಾರಿಕೆ ಇಲ್ಲಿ ಅಪಾಯ. ಕಪ್ಪು ಸೂರ್ಯನನ್ನು ಬರೆದ ಮಗುವಿನ ಮನಸ್ಸು ನೊಂದಿರಬಹುದು, ಬಣ್ಣದ ಡಬ್ಬಿಯಲ್ಲಿ ಕಪ್ಪು ಕಡ್ಡಿಯೊಂದೇ ಉಳಿದಿದ್ದಿರಲೂಬಹುದು.

ಆದರೆ ಕೆಲಸ ಆಟದ ಕೋಣೆಯಲ್ಲಿ ಮುಗಿಯುವುದಿಲ್ಲ. ಬಹಳ ಸಲ ಅಲ್ಲಿ ಶುರುವೂ ಆಗುವುದಿಲ್ಲ. ಹದಿನೈದರ ಹುಡುಗ ತನ್ನ ಗೆಳೆತನವನ್ನೋ ದಿನಚರಿಯನ್ನೋ ಸ್ವಲ್ಪಮಟ್ಟಿಗಾದರೂ ಬದಲಿಸಿಕೊಳ್ಳಬಲ್ಲ. ಎಳೆಯ ಮಗು ಎಲ್ಲಿ ಕೂರಬೇಕು, ಏನು ಉಣ್ಣಬೇಕು, ಯಾವ ವ್ಯಾನಿನಲ್ಲಿ ಹೋಗಬೇಕು ಎಂಬುದನ್ನೆಲ್ಲ ಬೇರೆಯವರೇ ತೀರ್ಮಾನಿಸಿರುತ್ತಾರೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಮೇಲೆ ಮಂಕಾಗಿ ಕೂರುತ್ತಾಳೆ, ಬಿಸಿಯೂಟವನ್ನು ಅರ್ಧಕ್ಕೆ ಬಿಡುತ್ತಾಳೆ, ನೀರನ್ನಂತೂ ಮುಟ್ಟುವುದಿಲ್ಲ ಎಂದು ಭಾವಿಸಬಹುದು. ಅವಳಲ್ಲಿ ಆತ್ಮವಿಶ್ವಾಸ ತುಂಬಲು ಹತ್ತು ಸಲ ಕೂರಿಸಿ ಮಾತಾಡುವುದಕ್ಕಿಂತ, ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದಿರುವುದನ್ನು ಕಂಡು, ಅಲ್ಲಿಗೆ ಹೋಗುವುದು ತಪ್ಪಲೆಂದೇ ಅವಳು ನೀರು ಕುಡಿಯುತ್ತಿಲ್ಲವೆಂದು ಅರಿತು, ಎಸ್‌ಡಿಎಂಸಿ ಸಭೆಯಲ್ಲಿ, ಅಂದರೆ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಸಮಿತಿಯಲ್ಲಿ, ಪಟ್ಟುಹಿಡಿದು ಚಿಲಕ ಹಾಕಿಸುವುದು ಹೆಚ್ಚು ಫಲ ಕೊಡುವ ಸಮಾಲೋಚನೆ. ಮಗುವಿನ ಸುತ್ತಲಿನ ದೊಡ್ಡವರನ್ನೂ ಏರ್ಪಾಡುಗಳನ್ನೂ ಬದಲಿಸುವುದೇ ಇಲ್ಲಿ ಮುಖ್ಯ ಕೆಲಸವೆಂದು ಒಪ್ಪಿದರೆ, ಸಮಾಲೋಚಕರ ದಿನದ ದೊಡ್ಡ ಪಾಲು ವರಾಂಡದಲ್ಲಿ, ಆಟದ ಬಯಲಿನಲ್ಲಿ, ಊಟದ ಸಾಲಿನ ಬಳಿ, ಶಿಕ್ಷಕರ ಕೊಠಡಿಯಲ್ಲಿ ಕಳೆಯಬೇಕಾಗುತ್ತದೆ.

ಇದನ್ನೆಲ್ಲ ಒಳ್ಳೆಯ ಶಿಕ್ಷಕಿಯೇ ಮಾಡುವುದಿಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ನಲಿ-ಕಲಿ ತರಗತಿಯಲ್ಲಿ ಮಕ್ಕಳ ನಡುವೆ ನೆಲದ ಮೇಲೆ ಕೂರುವ ಶಿಕ್ಷಕಿಗೆ ಮಗುವಿನ ಮುಖ ಬಾಡಿದ್ದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಗೊತ್ತುಪಡಿಸಿದ, 30 ಮಕ್ಕಳಿಗೆ ಒಬ್ಬರೆಂಬ ಅನುಪಾತ ಪೂರ್ತಿ ಪಾಲನೆಯಾದರೂ, ಪಾಠ ಮುಗಿಸಬೇಕಾದ, ಮೌಲ್ಯಮಾಪನ ಮಾಡಬೇಕಾದ ವ್ಯಕ್ತಿಯ ಮುಂದೆಯೇ ಮಗು ಅಂಜದೆ ತನ್ನ ಸೋಲನ್ನು ತೋರಿಸುವುದು ಕಷ್ಟ. ಕೆಲವೊಮ್ಮೆ ಭಯದ ಮೂಲ ಶಿಕ್ಷಕರೇ ಆಗಿರುತ್ತಾರೆ. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮರೆಯಾದ ಕಡೆಯೂ ಅಡ್ಡಹೆಸರು, ಹಂಗಿಸುವ ಮಾತು ಉಳಿದಿರುವುದುಂಟು, ಅದನ್ನು ಸಹೋದ್ಯೋಗಿಯ ಮುಖಕ್ಕೇ ಹೇಳುವ ನಿಷ್ಠುರತೆ ಸಮಾಲೋಚಕರಲ್ಲಿರಬೇಕು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಚಂಚಲತೆಯೆಲ್ಲ ಕಾಯಿಲೆಯಾಗಿ ಮಕ್ಕಳಿಗೆ ಹಣೆಪಟ್ಟಿ ಅಂಟುತ್ತದೆಂಬ ಭಯ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳು ಮಕ್ಕಳಿಗೆ ಪೂರ್ತಿ ಕೈಹತ್ತಲು ಹಲವು ವರ್ಷ ಹಿಡಿಯುತ್ತದೆ. ಹೀಗಿರುವಾಗ 26 ಅಕ್ಷರಗಳ ಇಂಗ್ಲಿಷಿಗೆ ಹೊಂದಿಸಿದ ಅಳತೆಗೋಲಿನಿಂದ ಎರಡನೆಯ ತರಗತಿಯ ಮಗುವಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಹತ್ತದ ಸ್ಥಿತಿ, ಇದೆಯೆಂದು ತೀರ್ಮಾನಿಸುವುದು ಅನ್ಯಾಯ. ಕಣ್ಣು, ಕಿವಿಗಳ ತಪಾಸಣೆಯಾಯಿತೇ, ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ ಎಂದು ಮೊದಲು ವಿಚಾರಿಸುವವರನ್ನು ನಂಬಬಹುದು.

ಗೋಪ್ಯತೆಯ ನಿಯಮವೂ ಎಳೆಯರ ವಿಷಯದಲ್ಲಿ ಬೇರೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮಗುವಿಗೆ ಕೊಡುವಂತಿಲ್ಲ, ಏಕೆಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಯಾರಾದರೂ ನೋವು ಮಾಡಿದ್ದರೆ, ಅದನ್ನು ನಿಲ್ಲಿಸಬಲ್ಲವರಿಗೆ ತಿಳಿಸಲಾಗುವುದೆಂದು ಮಗುವಿಗೆ ಮೊದಲೇ ಹೇಳಿರುವುದು ಪ್ರಾಮಾಣಿಕತೆ. ಅಪ್ಪ ಅಮ್ಮ ಜಗಳವಾಡಿದ ಸುದ್ದಿಯಾದರೋ ಶಿಕ್ಷಕರ ಚಹಾದ ವೇಳೆಯಲ್ಲಿ ಬಾಯಿಂದ ಬಾಯಿಗೆ ಹೋಗಬಾರದು.

ಸಣ್ಣ ಸರ್ಕಾರಿ ಶಾಲೆಗಳಲ್ಲಿ ಶಾಲೆಗೊಬ್ಬರ ನೇಮಕ ಆಗದ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹಲವು ಶಾಲೆಗಳ ಗುಂಪಿಗೆ ಸಮಾಲೋಚಕರನ್ನು ಹಂಚಿಕೊಳ್ಳುವ ದಾರಿ ತೋರಿಸಿದೆ, ಕರ್ನಾಟಕದಲ್ಲಿ ಕ್ಲಸ್ಟರ್ ವ್ಯವಸ್ಥೆ ಈಗಾಗಲೇ ಇದೆ. ಕ್ಲಸ್ಟರಿಗೆ ಒಬ್ಬರು, ಪ್ರತಿ ಶಾಲೆಗೆ ಗೊತ್ತಾದ ವಾರ, ಗಂಭೀರ ಪ್ರಕರಣಗಳಿಗೆ ಜಿಲ್ಲಾ ಆಸ್ಪತ್ರೆ ಅಥವಾ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಎಂಬ ಏರ್ಪಾಡು ಅಸಾಧ್ಯವೇನಲ್ಲ. ಆದರೆ ಗೈರುಹಾಜರಾದ ಶಿಕ್ಷಕರ ಪೀರಿಯಡ್ಡಿಗೆ ಅವರನ್ನು ಕಳಿಸುವುದು, ತಂಟೆ ಮಾಡಿದವರನ್ನು ಅವರ ಹೆಸರು ಹೇಳಿ ಹೆದರಿಸುವುದು ನಿಲ್ಲಬೇಕು. ಆಯ್ದ ಮೌನದ ಮಗು ಒಬ್ಬರೊಡನೆ ಮೊದಲ ಮಾತಾಡಲು ಇಡೀ ಶಾಲಾವರ್ಷ ಬೇಕಾಗಬಹುದು. ಮುಂದಿನ ಜೂನ್‌ನಲ್ಲಿ ಆ ಜಾಗದಲ್ಲಿ ಹೊಸ ಮುಖ ಬಂದರೆ ಎಲ್ಲವೂ ಮೊದಲಿನಿಂದ ಶುರುವಾಗುವುದರಿಂದ, ವರ್ಷ ವರ್ಷ ಬದಲಾಗುವ ಗುತ್ತಿಗೆ ನೇಮಕ ಈ ಹುದ್ದೆಗೆ ಸಲ್ಲದು.