ಸೊಕ್ಕಿದ್ದವನಿಗೆ ಯಾಣ, ಶಿವಾಜಿನಗರಕ್ಕೆ ಹೋದವನಿಗೆ ಶಾರ್ಟೇಜ್

ನಮ್ಮ ಕುಮಟಾ ಕಡೆ ಒಂದು ಮಾತಿದೆ: ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ. ಸೊಕ್ಕು ಅಂದ್ರೆ ಇಲ್ಲಿ ಮೈಯಲ್ಲಿನ ಕಸುವು. ಈಗ ರಸ್ತೆ ಆಗಿ ಯಾಣ ಸೆಲ್ಫಿ ಸ್ಪಾಟ್ ಆಗಿದೆ ಬಿಡಿ. ಮೊದಲು ಶಿವರಾತ್ರಿಗೆ ಭೈರವೇಶ್ವರನ ದರ್ಶನ ಬೇಕು ಅಂದ್ರೆ ಕಾಡಲ್ಲಿ ನಡೆದೇ ಹೋಗಬೇಕಿತ್ತು. ಅಂಥ ಊರಿನವನಾಗಿ, ನಡೆದು ದೇವರ ಹತ್ತಿರ ಹೋಗುವವರನ್ನು ನೋಡಿ ನಗುವುದು ನನ್ನಿಂದಾಗದು.

ಹಾಸ್ಟೆಲ್‌ನಲ್ಲಿ ನಗ್ತಾರೆ. ಹೊನ್ನಾವರದ ಒಬ್ಬ ಗೆಳೆಯ ಪ್ರತಿ ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಹೋಗ್ತಾನೆ. ಅದು ಮೇರಿ ಮಾತೆಯ ಹುಟ್ಟಿದ ದಿನ. ಆಗಸ್ಟ್ 29ಕ್ಕೆ ಬಾವುಟ ಏರುತ್ತೆ, ಆಮೇಲೆ ನೊವೆನಾ, ಕೊನೆಯ ದಿನ ಸಂಜೆ ತೇರು. ಮಾತೆಗೆ ಸೀರೆ ಉಡಿಸಿರ್ತಾರೆ. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ತೊಟ್ಟು ಬರ್ತಾರೆ, ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರ್ತಾರೆ. ಇನ್ನೂ ಗಟ್ಟಿಗರು ಬೆಂಗಳೂರಿನಿಂದ ತಮಿಳುನಾಡಿನ ವೇಳಾಂಕಣ್ಣಿಗೆ 400 ಕಿಲೋಮೀಟರಿಗೂ ಹೆಚ್ಚು ದೂರ ನಡೆದೇ ಹೋಗ್ತಾರೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರ ಕಾಲಿನ ಬೊಬ್ಬೆಗೂ ಇವರ ಕಾಲಿನ ಬೊಬ್ಬೆಗೂ ಏನು ವ್ಯತ್ಯಾಸ?

"ಅದು ಹೊರಗಿನ ಹಬ್ಬ ಕಣೋ" ಅಂದವನೂ ಇದ್ದಾನೆ. ಅವನು ಆ ದಿನ ಕರಾವಳಿಯ ಯಾವುದಾದರೂ ಇಗರ್ಜಿಗೆ ಹೋಗಿ ನೋಡಬೇಕು. ಮಕ್ಕಳು ಒಂಬತ್ತು ದಿನ ಮಾತೆಗೆ ಹೂ ಅರ್ಪಿಸ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡ್ತಾರೆ. ಆ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕೂತು ಉಣ್ತಾರೆ. ಅವತ್ತು ಸಸ್ಯಾಹಾರವೇ. ನಮ್ಮನೆಯಲ್ಲಿ ಇದನ್ನೇ ಹೊಸ್ತು ಅಂತೀವಿ. ಗದ್ದೆ ಒಂದೇ, ಮಳೆ ಒಂದೇ, ತೆನೆಯೂ ಒಂದೇ ಹೊತ್ತಿಗೆ ಬರುತ್ತೆ. ಹೊರಗಿನದು ಯಾವುದು?

ನಗುವುದಾದರೆ ನಗಲಿ, ಅದಕ್ಕೆ ಗೆಳೆಯ ತಲೆ ಕೆಡಿಸಿಕೊಳ್ಳಲ್ಲ. ಹಾಜರಾತಿಗೆ ತಲೆ ಕೆಡಿಸಿಕೊಳ್ಳಲೇಬೇಕು. ಸೆಪ್ಟೆಂಬರ್ ಅಂದ್ರೆ ಇಂಟರ್ನಲ್ಸ್, ಲ್ಯಾಬ್, 85 ಪರ್ಸೆಂಟ್ ಲೆಕ್ಕ. 2025ರಲ್ಲಿ ಎಂಟನೇ ತಾರೀಕು ಸೋಮವಾರ ಬಂತು. ಹಬ್ಬ ಬಿಟ್ಟು ಕ್ಲಾಸಿಗೆ ಕೂರಬೇಕು, ಇಲ್ಲಾ ಜ್ವರ ಅಂತ ಸುಳ್ಳು ಚೀಟಿ ತರಬೇಕು. ದೇವರ ಹತ್ತಿರ ಹೋಗೋಕೆ ಸುಳ್ಳು ಹೇಳಬೇಕಾದ ಸ್ಥಿತಿ ನನಗಂತೂ ಸರಿ ಕಾಣಲ್ಲ. ರಾಜ್ಯ ಸರ್ಕಾರದ ಪರಿಮಿತ ರಜೆಗಳ ಪಟ್ಟಿಯಲ್ಲಿ ಕನ್ಯಾ ಮರಿಯಮ್ಮ ಜಯಂತಿ ಇದೆ. ನೌಕರರು ಬೇಕಾದರೆ ತಗೋಬಹುದು. ವಿದ್ಯಾರ್ಥಿಗೆ ಆ ಆಯ್ಕೆ ಯಾಕಿಲ್ಲ?

ಇಡೀ ಕಾಲೇಜಿಗೆ ರಜೆ ಕೊಡಿ ಅಂತ ಯಾರೂ ಕೇಳ್ತಿಲ್ಲ. ರಜೆ ಸಿಕ್ಕರೆ ನಾವೆಲ್ಲ ನಿದ್ದೆ ಹೊಡೀತೀವಿ ಅಂತ ಮೇಷ್ಟ್ರಿಗೂ ಗೊತ್ತು. ಪರಿಮಿತ ರಜೆಯ ಪಟ್ಟಿಯಿಂದ ವರ್ಷಕ್ಕೆ ಎರಡು ದಿನ ವಿದ್ಯಾರ್ಥಿಯೇ ಆರಿಸಿಕೊಂಡು, ಸೆಮಿಸ್ಟರ್ ಶುರುವಿನಲ್ಲೇ ಬರೆದುಕೊಡಲಿ. ಆ ದಿನದ ಹಾಜರಾತಿ ಕೊಡಿ, ಟೆಸ್ಟ್ ಇದ್ದರೆ ಇನ್ನೊಂದು ದಿನ ಬರೆಸಿ. ಶಿವರಾತ್ರಿಯ ಮರುದಿನವೂ ಯಾಣದ ಜಾತ್ರೆಯಲ್ಲಿ ಉಳಿಯಬೇಕು ಅನ್ನುವ ನನ್ನಂಥವನಿಗೂ ಅದರಿಂದ ಅನುಕೂಲವೇ.